ಹಗ್ಗ ಎಳೆದು ಹೊರಡಿಸುವ ಜೆಟ್

ನಮ್ಮ ಕಡೆಯ ಕಾಫಿ ಬೆಳೆಗಾರರಿಗೆ ಫೆಬ್ರವರಿ ಕಳೆಯಿತೆಂದರೆ ಕಣ್ಣೆಲ್ಲ ಆಕಾಶದ ಮೇಲೆ. ಹೂಮಳೆ ಬಂದರೆ ಸರಿ, ಬಾರದಿದ್ದರೆ ಹಳ್ಳದ ದಂಡೆಗೆ ಪಂಪ್‌ಸೆಟ್ ಹೊತ್ತುಕೊಂಡು ಹೋಗಬೇಕು. ದೊಡ್ಡ ಎಸ್ಟೇಟಿನವರ ಡೀಸೆಲ್ ಇಂಜಿನ್ನುಗಳ ಮಾತು ಬೇರೆ. ನಮ್ಮಂಥ ನಾಲ್ಕೆಕರೆಯವರ ಸೀಮೆಎಣ್ಣೆ ಪಂಪ್‌ಸೆಟ್ಟುಗಳದ್ದು ಒಂದು ವಿಶೇಷ ಜಾತಿ. ರಾಟೆಗೆ ಹಗ್ಗ ಸುತ್ತಿ, ಒಂದು ಕಾಲನ್ನು ಕಲ್ಲಿಗೆ ಒತ್ತಿ ಕೊಟ್ಟು, ಉಸಿರು ಬಿಗಿಹಿಡಿದು ಎಳೆಯಬೇಕು. ಹತ್ತು ಸಲ ಎಳೆದ ಮೇಲೆ ಅದಕ್ಕೆ ಮನಸ್ಸು ಬಂದರೆ ಕೆಮ್ಮುತ್ತದೆ, ಇಲ್ಲದಿದ್ದರೆ ಎಳೆದವನೇ ಕೆಮ್ಮಬೇಕು.

ಹೀಗೆ ಎಳೆದು ಎಳೆದು ಸುಸ್ತಾದ ಹುಡುಗರನ್ನು ನೋಡಿ ನಮ್ಮ ಚಿಕ್ಕಪ್ಪ ಹೇಳುತ್ತಿದ್ದ ಮಾತೊಂದಿತ್ತು. "ಬೇಜಾರು ಮಾಡ್ಕೋಬೇಡಿ ಮಾರಾಯ್ರೆ. ಹಿಟ್ಲರನ ಜೆಟ್ ವಿಮಾನವನ್ನೂ ಹೀಗೇ ಹಗ್ಗ ಎಳೆದು ಸ್ಟಾರ್ಟ್ ಮಾಡ್ತಿದ್ರು!"

ಇದನ್ನು ನಾವು ಯಾರೂ ನಂಬುತ್ತಿರಲಿಲ್ಲ. ಕೇಳಿದವರು ನಕ್ಕು ಮತ್ತೆ ಹಗ್ಗ ಸುತ್ತುತ್ತಿದ್ದರು. ಆದರೆ ಮಾತು ಅಕ್ಷರಶಃ ನಿಜ. ಮೆಸ್ಸರ್‌ಶ್ಮಿಟ್ 262 ಎಂಬ, ಜಗತ್ತಿನಲ್ಲಿ ಮೊದಲು ಕಾಳಗಕ್ಕಿಳಿದ ಜೆಟ್ ಯುದ್ಧವಿಮಾನದ ಎರಡು ಇಂಜಿನ್ನುಗಳ ಮೂಗಿನಲ್ಲಿ ಒಂದೊಂದು ಪುಟ್ಟ ಟೂ-ಸ್ಟ್ರೋಕ್ ಮೋಟಾರು ಕೂತಿರುತ್ತಿತ್ತು. ರೀಡೆಲ್ ಎಂಬ ಇಂಜಿನಿಯರನ ಕೈಕೆಲಸ ಅದು. ಆ ಮೋಟಾರು ಮೊದಲು ಹೊರಟು ದೊಡ್ಡ ಇಂಜಿನ್ನನ್ನು ತಿರುಗಿಸಬೇಕು, ಆಮೇಲೆ ದೊಡ್ಡದು ಹೊತ್ತಿಕೊಳ್ಳಬೇಕು. ಅದನ್ನು ಹೊರಡಿಸಲು ಕರೆಂಟಿನ ಏರ್ಪಾಡಿತ್ತು. ಅದು ಕೈಕೊಟ್ಟರೆ ಇಂಜಿನ್ನಿನ ಬಾಯಿಯ ನಡುವೆಯೇ ಕಾಣುವ ಹಿಡಿಯೊಂದನ್ನು ಹಿಡಿದು ತಂತಿ ಎಳೆಯುವುದು. ನಮ್ಮ ಪವರ್ ಸ್ಪ್ರೇಯರಿನಂತೆಯೇ.

ಚಿಕ್ಕಪ್ಪನಿಗೆ ಇದು ಹೇಗೆ ಗೊತ್ತು ಎಂದರೆ, ಅವರು ವಿಮಾನದ ಮನುಷ್ಯ. ಹೊರನಾಡಿನ ಆಚೆ ಗುಡ್ಡದ ಬುಡದ ಮನೆಯಿಂದ ಹೊರಟು, 1958ರಲ್ಲಿ ಇಪ್ಪತ್ತರ ಹರೆಯದಲ್ಲಿ ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆಗೆ ಸೇರಿ ಫಿಟ್ಟರ್ ಆದವರು. ಆಗ ಹೊರನಾಡಿಗೆ ಈಗಿನಂತೆ ಸಾಲುಸಾಲು ಬಸ್ಸು, ಯಾತ್ರಿಕರ ಕಾರುಗಳಿರಲಿಲ್ಲ. ಮಳೆಗಾಲದಲ್ಲಿ ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿತೆಂದರೆ ಕಳಸಕ್ಕೂ ನಮಗೂ ಸಂಬಂಧ ಕಡಿದಂತೆ. ಟಪಾಲು, ಪತ್ರಿಕೆ ಎಲ್ಲ ಆಚೆ ದಡದಲ್ಲೇ. ಅಂಥ ಊರಿನ ಹುಡುಗ ವಿಮಾನ ಮಾಡಲು ಹೋಗಿದ್ದಾನೆಂದರೆ ಸಣ್ಣ ಸಂಗತಿಯಲ್ಲ. ರಜೆಯಲ್ಲಿ ಬಂದಾಗ ಮನೆಯ ಜಗಲಿಯಲ್ಲಿ ಜನ ಸೇರುತ್ತಿತ್ತು. "ನಿಮ್ಮ ದೊರೆ ಹೇಗಿದ್ದಾನೆ?" ಎಂದು ಅಜ್ಜ ಕೇಳುತ್ತಿದ್ದರಂತೆ. ದೊರೆ ಎಂದರೆ ಕಾರ್ಖಾನೆಯಲ್ಲಿದ್ದ ಜರ್ಮನ್ ಪ್ರೊಫೆಸರು, ಕುರ್ಟ್ ಟ್ಯಾಂಕ್.

ಬೆಂಗಳೂರಿಗೂ ಜರ್ಮನಿಯ ಜೆಟ್ಟುಗಳಿಗೂ ಇರುವ ನಂಟು ಇವರ ಮೂಲಕವೇ ಬಂದದ್ದು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಜೆಟ್ ಎಂದರೆ ಮೂಲದಲ್ಲಿ ಕಷ್ಟದ ವಿದ್ಯೆಯಲ್ಲ. ಮುಂದಿನಿಂದ ಗಾಳಿ ಎಳೆದುಕೊಂಡು ಒತ್ತಬೇಕು, ಒತ್ತಿದ ಗಾಳಿಯಲ್ಲಿ ಎಣ್ಣೆ ಸುಡಬೇಕು, ಉಬ್ಬಿದ ಬಿಸಿಗಾಳಿ ಹಿಂದಕ್ಕೆ ನುಗ್ಗುವ ರಭಸದಲ್ಲಿ ವಿಮಾನ ಮುಂದಕ್ಕೆ ಹೋಗಬೇಕು. ಹೋಗುವ ದಾರಿಯಲ್ಲಿ ಅದೇ ಬಿಸಿಗಾಳಿ ಒಂದು ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಮುಂದಿನ ಗಾಳಿ ಒತ್ತುವ ಚಕ್ರಗಳನ್ನು ತಿರುಗಿಸುತ್ತದೆ. ಒಲೆಯ ಮುಂದೆ ಊದುಕೊಳವೆ ಹಿಡಿದು ಕೂತ ಅಜ್ಜಿಗೆ ಬೆಂಕಿಯೇ ಉಸಿರು ತುಂಬಿಸಿಕೊಟ್ಟರೆ ಹೇಗೋ ಹಾಗೆ. ರಾಕೆಟ್ಟಿನದು ಇನ್ನೊಂದು ಬಗೆ. ಅದು ಹೊರಗಿನ ಗಾಳಿಯನ್ನು ನೆಚ್ಚುವುದಿಲ್ಲ. ಉರಿಯಲು ಬೇಕಾದ ಆಮ್ಲಜನಕವನ್ನೂ ತನ್ನ ಹೊಟ್ಟೆಯಲ್ಲೇ ಹೊತ್ತು ಹೋಗುತ್ತದೆ.

ಜೆಟ್ಟಿನ ಯೋಚನೆ ಏಕಕಾಲಕ್ಕೆ ಇಬ್ಬರಿಗೆ ಹೊಳೆಯಿತು. ಇಂಗ್ಲೆಂಡಿನಲ್ಲಿ ಫ್ರಾಂಕ್ ವಿಟ್ಲ್, ಜರ್ಮನಿಯಲ್ಲಿ ಹಾನ್ಸ್ ಫಾನ್ ಓಹೈನ್. ಮೊದಲು ಹಾರಿದ್ದು ಓಹೈನ್‌ನ ಇಂಜಿನ್. 1939ರ ಆಗಸ್ಟ್ 27ರಂದು, ಮಹಾಯುದ್ಧ ಶುರುವಾಗಲು ಐದೇ ದಿನ ಬಾಕಿ ಇರುವಾಗ, ಹೈಂಕೆಲ್ 178 ಎಂಬ ಚಿಕ್ಕ ವಿಮಾನ ರೋಸ್ಟಾಕ್ ಊರಿನಲ್ಲಿ ನೆಲ ಬಿಟ್ಟಿತು. ವಿಟ್ಲ್‌ನ ಇಂಜಿನ್ ಹಾರಿದ್ದು 1941ರ ಮೇ ತಿಂಗಳಲ್ಲಿ. ಓಹೈನ್ ಓದಿದ್ದು ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ, ಪ್ರಾಂಟ್ಲ್ ಎಂಬ ಮಹಾಪಂಡಿತರ ಬಳಿ, ಕೊಲ್ಹಾಪುರ ಕಡೆಯ ವಿ.ಎಂ. ಘಾಟಗೆ ಎಂಬ ಭಾರತೀಯರೊಬ್ಬರೂ ಡಾಕ್ಟರೇಟ್ ಮಾಡುತ್ತಿದ್ದರು. ಮುಂದೆ ಬೆಂಗಳೂರಿನ ಕಾರ್ಖಾನೆಯಲ್ಲಿ ಎಚ್.ಟಿ.-2 ಎಂಬ ತರಬೇತಿ ವಿಮಾನವನ್ನು ರೂಪಿಸಿ 1951ರಲ್ಲಿ ಹಾರಿಸಿದವರು ಅವರೇ. ಚಿಕ್ಕಪ್ಪ ಅವರ ಹೆಸರು ಹೇಳುವಾಗ ಕೂತಲ್ಲೇ ಸ್ವಲ್ಪ ನೆಟ್ಟಗಾಗುತ್ತಿದ್ದರು.

ಮೆಸ್ಸರ್‌ಶ್ಮಿಟ್ 262 ಜೆಟ್ ಇಂಜಿನ್ನುಗಳ ಬಲದಿಂದಲೇ ಮೊದಲು ಹಾರಿದ್ದು 1942ರ ಜುಲೈ 18ರಂದು. ಅದರ ಕತೆಯನ್ನು ಚಿಕ್ಕಪ್ಪ ಅಭಿನಯಿಸಿ ಹೇಳುತ್ತಿದ್ದರು. ಆ ಮೊದಲ ಮಾದರಿಗೆ ಬಾಲದ ಕೆಳಗೆ ಚಕ್ರ. ನಿಂತಾಗ ವಿಮಾನ ಮೂಗೆತ್ತಿ, ಬಾಲ ನೆಲಕ್ಕೂರಿ ಕೂರುತ್ತಿತ್ತು. ಮುಂದೆ ಪಂಕ ಇಲ್ಲದ ಕಾರಣ ಬಾಲದ ರೆಕ್ಕೆಗೆ ಗಾಳಿ ಬಡಿಯುವುದಿಲ್ಲ. ಎಷ್ಟು ಓಡಿದರೂ ಬಾಲ ಏಳುವುದಿಲ್ಲ, ಬಾಲ ಏಳದೆ ವಿಮಾನ ಏಳುವುದಿಲ್ಲ. ರನ್‌ವೇ ಮುಗಿಯುತ್ತ ಬರುತ್ತಿತ್ತು. ಕಡೆಗೆ ಪೈಲಟ್ ಫ್ರಿಟ್ಸ್ ವೆಂಡೆಲ್, ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವಾಗಲೇ ಬ್ರೇಕನ್ನು ಒಮ್ಮೆ ಮೆಲ್ಲನೆ ಮುಟ್ಟಿದ. ವಿಮಾನ ಮುಗ್ಗರಿಸಿತು, ಬಾಲ ಮೇಲೆದ್ದಿತು, ಗಾಳಿ ಸಿಕ್ಕಿತು, ಹಾರಿತು. ಹಾರಲಿಕ್ಕೆ ಬ್ರೇಕು! ಜಗಲಿಯ ಮೇಲಿನ ಹುಡುಗರು ಇಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ಮುಂದೆ ಅದರ ಮೂಗಿನ ಕೆಳಗೆ ಚಕ್ರ ಬಂದು ಈ ಕಷ್ಟ ತಪ್ಪಿತು.

ಅದಕ್ಕಿಂತ ವಿಚಿತ್ರವಾದದ್ದು ಮೆಸ್ಸರ್‌ಶ್ಮಿಟ್ 163, 'ಕೋಮೆಟ್', ಅಂದರೆ ಧೂಮಕೇತು. ಅದಕ್ಕೆ ರಾಕೆಟ್ ಇಂಜಿನ್. 1941ರ ಅಕ್ಟೋಬರ್‌ನಲ್ಲಿ ಹೈನಿ ಡಿಟ್ಮಾರ್ ಎಂಬ ಪೈಲಟ್ ಅದರ ಮಾದರಿಯೊಂದರಲ್ಲಿ ಗಂಟೆಗೆ 1,000 ಕಿಲೋಮೀಟರ್ ದಾಟಿದ. ಆದರೆ ಇಂಧನ ಏಳೆಂಟು ನಿಮಿಷಕ್ಕೆ ಮುಗಿಯುತ್ತಿತ್ತು. ಆಮೇಲೆ ಅದು ಗಾಳಿಪಟಕ್ಕಿಂತ ಹೆಚ್ಚಲ್ಲ, ತೇಲಿ ತೇಲಿ ಕೆಳಗಿಳಿಯಬೇಕು. ಚಕ್ರಗಳನ್ನು ಹಾರಿದ ಕೂಡಲೇ ಕೆಳಗೆ ಬೀಳಿಸಿ ಹೋಗುತ್ತಿದ್ದ ಕಾರಣ ಹೊಟ್ಟೆಯ ಕೆಳಗಿನ ಜಾರುಪಟ್ಟಿಯ ಮೇಲೆ ಇಳಿಯಬೇಕು. ಅದರ ಎರಡು ಇಂಧನಗಳು ಒಂದಕ್ಕೊಂದು ತಾಗಿದರೆ ಸಾಕು, ಬೆಂಕಿ. ಒಂದಂತೂ ಕಟುವಾದ ಹೈಡ್ರೋಜನ್ ಪೆರಾಕ್ಸೈಡ್, ಮೈಮೇಲೆ ಬಿದ್ದರೆ ಚರ್ಮ ಮಾಂಸ ಕರಗಿಸುವಂಥದ್ದು. ಇಳಿಯುವಾಗಿನ ಅವಘಡದಲ್ಲಿ ಅದು ಸುರಿದು ಸತ್ತ ಪೈಲಟ್‌ಗಳಿದ್ದರು. ನೋಡನೋಡುತ್ತ ಹನ್ನೆರಡು ಕಿಲೋಮೀಟರ್ ಎತ್ತರ ಏರಿದರೆ ಹೊಟ್ಟೆಯೊಳಗಿನ ವಾಯು ಉಬ್ಬುತ್ತದೆಂದು ಆ ಪೈಲಟ್‌ಗಳಿಗೆ ಕಾಳುಗೀಳು ತಿನ್ನಲು ಕೊಡುತ್ತಿರಲಿಲ್ಲವಂತೆ. ಹಲಸಂದೆ ಸಾರು ಉಂಡು ಜಗಲಿಗೆ ಬಂದ ನಮಗೆ ಇದರಷ್ಟು ನಗೆ ತರಿಸಿದ ಸಂಗತಿ ಬೇರೊಂದಿಲ್ಲ. ಮುನ್ನೂರಕ್ಕೂ ಹೆಚ್ಚು ಕೋಮೆಟ್‌ಗಳನ್ನು ಕಟ್ಟಿದರು. ಅವು ಹೊಡೆದುರುಳಿಸಿದ ವಿಮಾನಗಳು ಹತ್ತರ ಆಸುಪಾಸು ಮಾತ್ರ.

ರಾಕೆಟ್ ಎಂದರೆ ಜರ್ಮನರದ್ದೇ ವಿದ್ಯೆ ಎಂದು ಯಾರಾದರೂ ಹೇಳಿದರೆ ಮಾತ್ರ ಚಿಕ್ಕಪ್ಪ ಸುಮ್ಮನಿರುತ್ತಿರಲಿಲ್ಲ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಬಿದಿರಿಗೆ ಕಟ್ಟಿ ಹಾರಿಸುವ ಯುದ್ಧದ ರಾಕೆಟ್ಟುಗಳನ್ನು ಮೈಸೂರಿನ ಹೈದರಾಲಿ, ಟಿಪ್ಪುವಿನ ಪಡೆಗಳು 1780ರ ಪೊಲ್ಲಿಲೂರು ಕಾಳಗದಲ್ಲೇ ಬ್ರಿಟಿಷರ ಮೇಲೆ ಬಳಸಿದ್ದವು. ಶ್ರೀರಂಗಪಟ್ಟಣ ಬಿದ್ದ ಮೇಲೆ ಅವುಗಳನ್ನು ಇಂಗ್ಲೆಂಡಿಗೆ ಒಯ್ದು, ನೋಡಿ ಕಲಿತು, ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ಮಾಡಿದ. ನಮ್ಮದೇ ಮಲೆನಾಡಿನಲ್ಲಿ, ಹೊಸನಗರ ತಾಲ್ಲೂಕಿನ ನಗರದ ಪಾಳುಬಾವಿಯೊಂದರಲ್ಲಿ 2018ರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕಿದವು. ಆ ಸುದ್ದಿ ಬಂದ ದಿನ ಚಿಕ್ಕಪ್ಪ ಪತ್ರಿಕೆಯನ್ನು ಕೈಯಲ್ಲಿ ಹಿಡಿದುಕೊಂಡು ಮನೆಮನೆಗೆ ಹೋಗಿದ್ದರು, ಎಂಬತ್ತರ ವಯಸ್ಸಿನಲ್ಲಿ.

ಇನ್ನು ಕುರ್ಟ್ ಟ್ಯಾಂಕ್. ಯುದ್ಧಕಾಲದಲ್ಲಿ ಅವರು ಫೋಕೆ-ವುಲ್ಫ್ ಕಂಪನಿಯ ಮುಖ್ಯ ವಿನ್ಯಾಸಕಾರರು. ಅವರ ಫೋಕೆ-ವುಲ್ಫ್ 190, ಪಂಕದ ವಿಮಾನವಾದರೂ, ಆ ಕಾಲದ ಅತ್ಯುತ್ತಮ ಯುದ್ಧವಿಮಾನಗಳಲ್ಲೊಂದು. ಅಂಥವು ಇಪ್ಪತ್ತು ಸಾವಿರದಷ್ಟು ತಯಾರಾದವು. ಯುದ್ಧದ ಕಡೆಯಲ್ಲಿ ಅವರ ಕಂಪನಿ ಟಿಎ 183 ಎಂಬ ಜೆಟ್ ವಿಮಾನದ ನಕ್ಷೆ ಬಿಡಿಸಿತ್ತು, ಹಿಂದಕ್ಕೆ ಬಾಗಿದ ರೆಕ್ಕೆಯದು. ಕಟ್ಟುವ ಮೊದಲೇ ಜರ್ಮನಿ ಸೋತಿತು. ಟ್ಯಾಂಕ್ ಬೇರೆ ಹೆಸರಿನಲ್ಲಿ ಅರ್ಜೆಂಟೀನಾ ಸೇರಿದರು. ಆ ನಕ್ಷೆಯ ಜಾಡಿನಲ್ಲೇ 'ಪುಲ್ಕಿ-2' ಎಂಬ ಜೆಟ್ ಕಟ್ಟಿ 1950ರಲ್ಲಿ ಹಾರಿಸಿದರು. 1955ರಲ್ಲಿ ಅಲ್ಲಿನ ಪೆರೋನ್ ಸರ್ಕಾರ ಉರುಳಿತು. ಮರುವರ್ಷ ನೆಹರೂ ಸರ್ಕಾರದ ಕರೆಯ ಮೇಲೆ ಬೆಂಗಳೂರಿಗೆ ಬಂದರು. ಜೊತೆಗೆ ಸುಮಾರು 18 ಮಂದಿ ಜರ್ಮನ್ ಇಂಜಿನಿಯರುಗಳು.

ಯುದ್ಧಕಾಲದಲ್ಲಿ ಇದೇ ಬೆಂಗಳೂರಿನ ಕಾರ್ಖಾನೆ ಅಮೆರಿಕನ್ನರ ವಿಮಾನಗಳನ್ನು, ಅಂದರೆ ಟ್ಯಾಂಕ್ ಅವರ ವೈರಿಗಳ ವಿಮಾನಗಳನ್ನು, ರಿಪೇರಿ ಮಾಡುತ್ತಿತ್ತು. ಯುದ್ಧ ಮುಗಿದು ಹತ್ತು ವರ್ಷ ಕಳೆದ ಮೇಲೆ ಅದೇ ಷೆಡ್ಡುಗಳಲ್ಲಿ ಜರ್ಮನ್ ಮಾತು ಕೇಳುವಂತಾಯಿತು. ಇಲ್ಲಿ ಹುಟ್ಟಿದ್ದೇ ಎಚ್.ಎಫ್.-24, 'ಮಾರುತ್'. ಮೊದಲು ಪೂರ್ಣ ಗಾತ್ರದ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನದ ಹಿಂದೆ ಕಟ್ಟಿ ಎಳೆಸಿ, ಮೇಲೆ ಬಿಟ್ಟು ನೋಡಿದರು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ನಿಜವಾದ ಮಾರುತ್ ಹಾರಿಸಿದರು. ಚಿಕ್ಕಪ್ಪ ಆಗ ಇಪ್ಪತ್ತಮೂರರ ಯುವಕ. "ಅವತ್ತು ಅದು ಕಣ್ಣಿಗೆ ಕಾಣದಷ್ಟು ದೂರ ಹೋದ ಮೇಲೂ ನಾವು ಯಾರೂ ಕತ್ತು ಇಳಿಸಲಿಲ್ಲ" ಎನ್ನುತ್ತಿದ್ದರು.

ಮಾರುತ್‌ನ ದುಃಖ ಇಂಜಿನ್ನಿನದು. ವಿಮಾನದ ದೇಹ ಶಬ್ದದ ಎರಡು ಪಟ್ಟು ವೇಗವನ್ನು ಮನಸ್ಸಿನಲ್ಲಿಟ್ಟು ರೂಪಿಸಿದ್ದು. ಅದಕ್ಕೆ ತಕ್ಕ ಬ್ರಿಟಿಷ್ ಇಂಜಿನ್ನಿನ ಕೆಲಸ ಅರ್ಧಕ್ಕೇ ನಿಂತಿತು. ಕಡೆಗೆ ಕಡಿಮೆ ಬಲದ ಎರಡು ಆರ್ಫಿಯಸ್ ಇಂಜಿನ್ನುಗಳಲ್ಲೇ ತೃಪ್ತಿಪಟ್ಟು, ಶಬ್ದದ ವೇಗದ ಆಸುಪಾಸಿನಲ್ಲೇ ಉಳಿಯಬೇಕಾಯಿತು. ಈಜಿಪ್ಟಿನಲ್ಲಿ ಆಸ್ಟ್ರಿಯಾದ ಬ್ರಾಂಡ್ನರ್ ಎಂಬಾತ ಇನ್ನೊಂದು ಇಂಜಿನ್ ಮಾಡುತ್ತಿದ್ದ. ಅದೇ ಈಜಿಪ್ಟಿಗಾಗಿ ಸ್ವತಃ ಮೆಸ್ಸರ್‌ಶ್ಮಿಟ್ ಯುದ್ಧವಿಮಾನವೊಂದನ್ನು ರೂಪಿಸಿದ್ದರು. 1964ರಲ್ಲಿ ಅದನ್ನು ಮೊದಲು ಹಾರಿಸಿದ್ದು ನಮ್ಮ ವಾಯುಪಡೆಯ ಕಪಿಲ್ ಭಾರ್ಗವ. ಬ್ರಾಂಡ್ನರನ ಇಂಜಿನ್ನನ್ನು ಮಾರುತ್‌ಗೆ ಹಾಕಿ ನೋಡಿದ್ದೂ ಆಯಿತು, ಆದರೆ ಅದೂ ಕೈಗೂಡಲಿಲ್ಲ. ಸೋತ ಜರ್ಮನಿಯ ವಿದ್ಯೆ ಹೀಗೆ ಊರೂರು ಅಲೆಯುತ್ತಿತ್ತು. ಟ್ಯಾಂಕ್ 1967ರಲ್ಲಿ ಭಾರತ ಬಿಟ್ಟರು. ಮಾರುತ್‌ಗೆ ಹೆಚ್ಚಿನ ಬಲ ಕೊಡುವ ಪರೀಕ್ಷೆಗಳ ನಡುವೆ 1970ರ ಜನವರಿ 10ರಂದು ಸುರಂಜನ್ ದಾಸ್ ಬೆಂಗಳೂರಿನಲ್ಲೇ ಅಪಘಾತದಲ್ಲಿ ತೀರಿಕೊಂಡರು. ಕಾರ್ಖಾನೆಯ ಬಳಿಯ ರಸ್ತೆಗೆ ಈಗಲೂ ಅವರದೇ ಹೆಸರು. ಆ ದಿನದ ಬಗ್ಗೆ ಚಿಕ್ಕಪ್ಪ ಹೇಳುತ್ತಿದ್ದದ್ದು ಒಂದೇ ಮಾತು: "ಊಟ ಸೇರಲಿಲ್ಲ."

ಆದರೂ 1971ರ ಡಿಸೆಂಬರಿನಲ್ಲಿ ರಾಜಸ್ಥಾನದ ಗಡಿಯಲ್ಲಿ ಮಾರುತ್‌ನ ಎರಡು ಸ್ಕ್ವಾಡ್ರನ್‌ಗಳು ಹೋರಾಡಿದವು. ಗುಂಡು ತಗುಲಿ ಒಂದು ಇಂಜಿನ್ ನಿಂತರೂ ಇನ್ನೊಂದರ ಬಲದಲ್ಲಿ ಮರಳಿದ್ದುಂಟು. ನಮ್ಮ ಮನೆಯ ರೇಡಿಯೋ ಸುತ್ತ ಅಂದು ಕೂತಿದ್ದ ಗುಂಪು ನನಗೆ ನೆನಪಿದೆ, ನಾನಾಗ ಆರು ವರ್ಷದವನು. ಒಟ್ಟು 147 ಮಾರುತ್‌ಗಳು ತಯಾರಾದವು. 1990ರ ಹೊತ್ತಿಗೆ ಎಲ್ಲ ನಿವೃತ್ತವಾದವು. ಚಿಕ್ಕಪ್ಪನೂ 1996ರಲ್ಲಿ ನಿವೃತ್ತರಾಗಿ ಊರಿಗೆ ಬಂದು ಅಡಿಕೆ, ಕಾಫಿ, ನಾಲ್ಕು ಬಳ್ಳಿ ಮೆಣಸು ಎಂದು ನೆಲೆಯೂರಿದರು.

ಜಗಲಿಯ ಮೇಲೆ ಹುಡುಗರು ಅವರನ್ನು ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಒಂದಿತ್ತು. "ಅಜ್ಜಾ, ಜರ್ಮನಿಯವರು ಆ ಜೆಟ್ಟುಗಳನ್ನು ಇನ್ನೊಂದೆರಡು ವರ್ಷ ಮೊದಲೇ ತಂದಿದ್ದರೆ ಯುದ್ಧ ಗೆಲ್ತಿದ್ರಲ್ಲ?" ಯುದ್ಧವಿಮಾನದ ಚಿತ್ರ ನೋಡಿದ ಯಾವ ಹುಡುಗನಿಗಾದರೂ ಬರುವ ಪ್ರಶ್ನೆ ಇದು. ದೊಡ್ಡವರೂ ಕೇಳುತ್ತಾರೆ.

ಮೊದಮೊದಲು ಚಿಕ್ಕಪ್ಪನ ಉತ್ತರ ಫಿಟ್ಟರಿನ ಉತ್ತರ. ಜೆಟ್ ಇಂಜಿನ್ನಿನ ಬಿಸಿ ತಡೆಯಲು ನಿಕ್ಕಲ್, ಕ್ರೋಮಿಯಂನಂಥ ಲೋಹ ಬೇಕು. ಅವು ಜರ್ಮನಿಯಲ್ಲಿ ಸಾಕಷ್ಟಿರಲಿಲ್ಲ. ಸಾದಾ ಉಕ್ಕಿಗೆ ಅಲ್ಯೂಮಿನಿಯಂ ಲೇಪ ಕೊಟ್ಟು ಸಂಭಾಳಿಸಿದರು. ಹಾಗಾಗಿ ಮೆಸ್ಸರ್‌ಶ್ಮಿಟ್ 262ರ ಇಂಜಿನ್ ಹತ್ತರಿಂದ ಇಪ್ಪತ್ತೈದು ಗಂಟೆ ಓಡಿದರೆ ದೊಡ್ಡ ಮಾತು, ಆಮೇಲೆ ಬಿಚ್ಚಲೇಬೇಕು. ಸಾವಿರದ ನಾನೂರಕ್ಕೂ ಹೆಚ್ಚು ವಿಮಾನ ಕಟ್ಟಿದರೂ ಒಮ್ಮೆಲೇ ಕಾಳಗಕ್ಕೆ ಒದಗಿದ್ದು ಅದರ ಸಣ್ಣ ಪಾಲು. 1944ರ ಮೇ ತಿಂಗಳಿಂದ ಅಮೆರಿಕನ್ನರು ಕಲ್ಲಿದ್ದಲಿನಿಂದ ಎಣ್ಣೆ ತೆಗೆಯುವ ಕಾರ್ಖಾನೆಗಳ ಮೇಲೆ ಬಾಂಬು ಸುರಿದರು. ಕಡೆಕಡೆಗೆ ಎಣ್ಣೆ ಉಳಿಸಲು ಗಂಟೆಗೆ 870 ಕಿಲೋಮೀಟರ್ ಹಾರುವ ವಿಮಾನವನ್ನು ರನ್‌ವೇವರೆಗೆ ಎತ್ತು, ಕುದುರೆ ಕಟ್ಟಿ ಎಳೆಸಿದ್ದೂ ಉಂಟು. "ಎಣ್ಣೆ ಇಲ್ಲ, ಲೋಹ ಇಲ್ಲ, ಪೈಲಟ್ ಇಲ್ಲ. ಬರೀ ನಕ್ಷೆ ಇದ್ದರೆ ವಿಮಾನ ಹಾರೋದಿಲ್ಲ ಹುಡ್ಗಾ. ನಮ್ಮ ಮಾರುತ್ ನೋಡು" ಎಂದು ಮುಗಿಸುತ್ತಿದ್ದರು.

ಉತ್ತರ ಬದಲಾದದ್ದು 2009ರಲ್ಲಿ. ಅವರ ಮಗಳು, ನನ್ನ ತಂಗಿ, ಕಂಪ್ಯೂಟರ್ ಕೆಲಸದ ಮೇಲೆ ಮ್ಯೂನಿಕ್‌ನಲ್ಲಿದ್ದಳು. ಅಪ್ಪನನ್ನು ಕರೆಸಿಕೊಂಡಳು. ಅಲ್ಲಿನ ಡಾಯ್ಚಸ್ ಮ್ಯೂಸಿಯಂನಲ್ಲಿ ಮೆಸ್ಸರ್‌ಶ್ಮಿಟ್ 262, ಕೋಮೆಟ್ ಎರಡನ್ನೂ ನೋಡಿದರು. ಊರಾಚೆ ಶ್ಲೈಸ್‌ಹೈಮ್ ಎಂಬಲ್ಲಿ ಅದೇ ಮ್ಯೂಸಿಯಂನ ಇನ್ನೊಂದು ವಿಮಾನಶಾಲೆಯಿದೆ. ಅಲ್ಲಿ ಒಂದು ಮಾರುತ್ ನಿಂತಿದೆ. ಬೆಂಗಳೂರಿನಲ್ಲಿ ತಯಾರಾದ ಮಾರುತ್! ತಂಗಿ ಹೇಳುವ ಪ್ರಕಾರ ಚಿಕ್ಕಪ್ಪ ಅದರ ರೆಕ್ಕೆಯ ಕೆಳಗೆ ಬಗ್ಗಿ, ರಿವಿಟ್ಟಿನ ಸಾಲನ್ನು ಬೆರಳು ತಾಗಿಸದೆ ಗಾಳಿಯಲ್ಲೇ ಎಣಿಸುತ್ತ ಬಹಳ ಹೊತ್ತು ನಿಂತರಂತೆ. ಕಾವಲಿನವನಿಗೆ ಸಂಶಯ ಬಂದು ಹತ್ತಿರ ಬಂದ. ತಂಗಿ ವಿಷಯ ತಿಳಿಸಿದಳು. ಆತ ಚಿಕ್ಕಪ್ಪನ ಕೈ ಕುಲುಕಿದನಂತೆ.

ಶ್ಲೈಸ್‌ಹೈಮ್‌ನಿಂದ ಡಾಖಾವ್ ಊರು ದೂರವಿಲ್ಲ. ಮರುದಿನ ಅಲ್ಲಿಗೂ ಹೋದರು. 1933ರಲ್ಲಿ ನಾತ್ಸಿಗಳು ತೆರೆದ ಸೆರೆಶಿಬಿರ ಅದು. ಹನ್ನೆರಡು ವರ್ಷಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಅಲ್ಲಿ ಮತ್ತು ಅದರ ಉಪಶಿಬಿರಗಳಲ್ಲಿ ಕೂಡಿಹಾಕಿದ್ದರು. ಕಡೇಪಕ್ಷ 41,500 ಮಂದಿ ಸತ್ತರು. ಚಿಕ್ಕಪ್ಪ ಇದನ್ನು ಚರಿತ್ರೆಯ ಒಂದು ಸ್ಥಳವೆಂದು ನೋಡಲು ಹೋದವರು. ಅಲ್ಲಿ ಅವರಿಗೆ ಎದುರಾದದ್ದು ತಮ್ಮದೇ ಕಸುಬು. ಆಲಾಖ್ ಎಂಬ ಉಪಶಿಬಿರದ ಕೈದಿಗಳನ್ನು ಬಿಎಂಡಬ್ಲ್ಯು ಕಾರ್ಖಾನೆಯಲ್ಲಿ ದುಡಿಸುತ್ತಿದ್ದರು. ಅಲ್ಲಿ ತಯಾರಾಗುತ್ತಿದ್ದದ್ದು ಬಿಎಂಡಬ್ಲ್ಯು 801 ಇಂಜಿನ್, ಟ್ಯಾಂಕ್ ಅವರ ಫೋಕೆ-ವುಲ್ಫ್ 190ರ ಇಂಜಿನ್. ಟ್ಯಾಂಕ್ ಅವರ ಕಂಪನಿಯ ಕಾರ್ಖಾನೆಗಳಲ್ಲೂ ಬಲವಂತದ ದುಡಿಮೆ ಇತ್ತು. ಕಾಫರಿಂಗ್ ಎಂಬಲ್ಲಿ, ಹೆಚ್ಚಾಗಿ ಯೆಹೂದಿಗಳೇ ಆದ 20,000ಕ್ಕೂ ಹೆಚ್ಚು ಕೈದಿಗಳಿಂದ ದೈತ್ಯಾಕಾರದ ಕಾಂಕ್ರೀಟ್ ನೆಲಮಾಳಿಗೆಗಳನ್ನು ಕಟ್ಟಿಸುತ್ತಿದ್ದರು. ಅದು ಮೆಸ್ಸರ್‌ಶ್ಮಿಟ್ 262 ತಯಾರಿಸಲಿಕ್ಕಾಗಿ. ಕೈದಿಗಳ ವಾಸ ಅರ್ಧ ನೆಲದಲ್ಲಿ ಹುಗಿದ ಗುಡಿಸಲುಗಳಲ್ಲಿ. ಒಂದೇ ವರ್ಷದೊಳಗೆ ಸಾವಿರಾರು ಮಂದಿ ಹಸಿವು, ಜ್ವರ, ದುಡಿತದಿಂದ ಸತ್ತರು. ಆಸ್ಟ್ರಿಯಾದ ಗೂಸನ್ ಶಿಬಿರದವರು ಸುರಂಗದೊಳಗೆ ಅದೇ ವಿಮಾನದ ಒಡಲನ್ನು ಕಟ್ಟುತ್ತಿದ್ದರು. ನಾರ್ಡ್‌ಹೌಸನ್ ಬಳಿಯ ಡೋರಾ ಶಿಬಿರದ ಅರವತ್ತು ಸಾವಿರ ಕೈದಿಗಳಲ್ಲಿ ಇಪ್ಪತ್ತು ಸಾವಿರದಷ್ಟು ಮಂದಿ ಉಳಿಯಲಿಲ್ಲ. ಅಲ್ಲಿ ತಯಾರಾದ ವಿ-2 ರಾಕೆಟ್ ಬಿದ್ದು ಸತ್ತವರಿಗಿಂತ ಅದನ್ನು ತಯಾರಿಸುತ್ತ ಸತ್ತವರೇ ಹೆಚ್ಚು. ಆ ರಾಕೆಟ್ಟಿನ ಇಂಧನ ಆಲೂಗಡ್ಡೆಯಿಂದ ಬಟ್ಟಿ ಇಳಿಸಿದ ಮದ್ಯಸಾರ. ತಿನ್ನುವ ಆಲೂಗಡ್ಡೆ ರಾಕೆಟ್ಟಿಗೆ ಹೋಯಿತು, ರಾಕೆಟ್ ಮಾಡುವವನ ಬಟ್ಟಲಿಗೆ ತಿಳಿನೀರಿನ ಸೂಪು.

ಚಿಕ್ಕಪ್ಪ ಊರಿಗೆ ಮರಳಿದ ಮೇಲೆ ಕೆಲ ದಿನ ವಿಮಾನದ ಮಾತೇ ಎತ್ತಲಿಲ್ಲ. ಮ್ಯೂನಿಕ್ ಹೇಗಿತ್ತು ಎಂದರೆ "ಚಳಿ" ಎನ್ನುತ್ತಿದ್ದರು. ಒಂದು ಸಂಜೆ ನಾನೂ ಅವರೂ ಮೆಣಸು ಬಿಡಿಸುತ್ತ ಕೂತಿದ್ದಾಗ ತಾವಾಗಿಯೇ ಹೇಳಿದರು.

"ರಿವಿಟ್ ಹೊಡೆಯೋದು ಒಬ್ಬನ ಕೆಲಸ ಅಲ್ಲ. ಹೊರಗಿನಿಂದ ಒಬ್ಬ ಗನ್ ಹಿಡೀತಾನೆ, ಒಳಗಿನಿಂದ ಇನ್ನೊಬ್ಬ ಡಾಲಿ ಒತ್ತಿ ಹಿಡೀಬೇಕು. ಅವನ ಕೈ ನಡುಗಿದರೆ ರಿವಿಟ್ ಸೊಟ್ಟ. ನಾನು ಮೂರು ವರ್ಷ ಡಾಲಿ ಹಿಡಿದವನು. ಹನ್ನೆರಡು ಗಂಟೆಗೆ ಸೈರನ್ ಆದ ಕೂಡಲೇ ಕೈ ತೊಳೆದು ಊಟಕ್ಕೆ ಹೋಗ್ತಿದ್ದೆ. ಅಲ್ಲಿ ಫೋಟೋದಲ್ಲಿ ಒಬ್ಬ ಹುಡುಗ ಇದ್ದ, ನಾನು ಕೆಲಸಕ್ಕೆ ಸೇರಿದ ವಯಸ್ಸೇ ಇರಬೇಕು. ಕೈ ನೋಡಿದೆ. ಆ ಕೈಯಲ್ಲಿ ಡಾಲಿ ನಿಲ್ಲೋದಿಲ್ಲ ಮಾರಾಯ."

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಪ್ರೊಫೆಸರು ನಮಗೆ ಕೆಲಸ ಕಲಿಸಿದರು. ಸಿಟ್ಟು ಮಾಡಿದರೂ ಪ್ರೀತಿಯಿಂದಲೇ ಕಲಿಸಿದರು. ಅದು ಸುಳ್ಳಲ್ಲ. ಇದೂ ಸುಳ್ಳಲ್ಲ. ಎರಡನ್ನೂ ಹೇಗೆ ಇಟ್ಕೊಳ್ಳೋದು ಅಂತ ನನಗೆ ತಿಳೀತಿಲ್ಲ" ಎಂದರು.

ನಾನು ಏನೂ ಹೇಳಲಿಲ್ಲ. ಹೇಳಲು ನನ್ನಲ್ಲೂ ಏನಿರಲಿಲ್ಲ. ಇಲ್ಲಿ ಒಂದು ಮಾತು ಹೇಳಬೇಕು. ಹೊರನಾಡಿನವರಿಗೆ ಊಟ ಎಂಬುದು ಬೇರೆಯೇ ಅರ್ಥದ ಪದ. ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವನು ಯಾರು, ಎಲ್ಲಿಯವನು ಎಂದು ಕೇಳದೆ ಎಲೆ ಹಾಕುತ್ತಾರೆ. ಬಡತನವಿದ್ದ ಕಾಲದಲ್ಲೂ ನಮ್ಮ ಮನೆಗಳಲ್ಲಿ ಆಳಿಗೆ ಬಡಿಸದೆ ಯಜಮಾನ ಉಣ್ಣುವುದು ನಾಚಿಕೆಯ ಸಂಗತಿಯಾಗಿತ್ತು. ಎಲ್ಲ ಮನೆಯವರೂ ಎಲ್ಲ ಕಾಲದಲ್ಲೂ ಹಾಗೇ ನಡೆದುಕೊಂಡರೆಂದು ನಾನು ಹೇಳಲಾರೆ. ತೋಟದ ಲೈನುಗಳ ಕತೆ ಬಲ್ಲವರಿಗೆ ಅದು ಗೊತ್ತು. ಆದರೆ ಅದು ನಾಚಿಕೆ ಎಂಬ ಅರಿವಾದರೂ ಇತ್ತು. ದುಡಿಯುವವನಿಗೆ ಅನ್ನ ಕೊಡದಿರುವುದನ್ನೇ ಒಂದು ಲೆಕ್ಕಾಚಾರವಾಗಿ, ಕಡತದಲ್ಲಿ ಬರೆದಿಟ್ಟ ಪದ್ಧತಿಯಾಗಿ ಮಾಡಬಹುದೆಂಬುದು ಚಿಕ್ಕಪ್ಪನ ಎಣಿಕೆಗೇ ಮೀರಿದ್ದು. ಬಾಂಬು, ಗುಂಡು ಅವರಿಗೆ ಅರ್ಥವಾಗುತ್ತಿತ್ತು. ಇದು ಆಗಲಿಲ್ಲ.

ಕೆಲವು ತಿಂಗಳ ಮೇಲೆ ಬೇಸಿಗೆ ರಜೆಗೆ ಹುಡುಗರು ಬಂದರು. ಜಗಲಿ ಮತ್ತೆ ತುಂಬಿತು. ಹಗ್ಗದ ಕತೆ, ಬ್ರೇಕಿನ ಕತೆ, ಹೊಟ್ಟೆಯ ವಾಯುವಿನ ಕತೆ ಎಲ್ಲ ಹೇಳಿದರು. ಏನನ್ನೂ ಬಿಡಲಿಲ್ಲ, ಮೊದಲಿನ ಉತ್ಸಾಹದಲ್ಲೇ ಹೇಳಿದರು. ಆ ಹಳೆಯ ಪ್ರಶ್ನೆಯೂ ಬಂತು. ಗೆಲ್ತಿದ್ರಲ್ಲ ಅಜ್ಜಾ?

ಚಿಕ್ಕಪ್ಪ ಲೋಹ, ಎಣ್ಣೆ, ಪೈಲಟ್ ಎಂದು ಮೊದಲಿನಂತೆಯೇ ಎಣಿಸಿದರು. ಆಮೇಲೆ ನಾಲ್ಕನೆಯ ಬೆರಳು ಮಡಿಸಿದರು. "ಇನ್ನೊಂದಿದೆ. ಆ ವಿಮಾನ ಕಟ್ಟಿದವರಲ್ಲಿ ಎಷ್ಟೋ ಜನ ಕೈದಿಗಳು. ಅವರಿಗೆ ಊಟ ಕೊಡ್ತಿರಲಿಲ್ಲ. ಗೆದ್ದಿದ್ದರೆ ಅವರನ್ನು ಬಿಡಿಸೋಕೆ ಯಾರೂ ಬರ್ತಿರಲಿಲ್ಲ. 1945ರ ಏಪ್ರಿಲ್ 29ಕ್ಕೆ ಅಮೆರಿಕದವರು ಡಾಖಾವ್ ಬಾಗಿಲು ತೆಗೆದರು. ಇನ್ನೊಂದು ವಾರ ತಡವಾಗಿದ್ದರೆ ಇನ್ನೆಷ್ಟು ಜನ ಹೋಗ್ತಿದ್ದರೋ. ನೀವು ಕೇಳೋದು ಎರಡು ವರ್ಷದ ಮಾತು!"

ಹುಡುಗರು ಸುಮ್ಮನಾದರು. ಒಬ್ಬ ಮಾತ್ರ, ಎಂಟು ವರ್ಷದವನು, "ಹಾಗಾದ್ರೆ ಆ ವಿಮಾನ ಚೆಂದ ಇಲ್ವಾ ಅಜ್ಜಾ?" ಎಂದು ಕೇಳಿದ.

"ಚೆಂದ ಇದೆ" ಎಂದರು ಚಿಕ್ಕಪ್ಪ. "ಚೆಂದ ಇಲ್ಲ ಅಂತ ನಾನು ಸುಳ್ಳು ಹೇಳೋದಿಲ್ಲ. ಆದರೆ ಚೆಂದದ್ದನ್ನು ನೋಡಿದಾಗ, ಇದನ್ನು ಮಾಡಿದವರು ಉಂಡಿದ್ರಾ ಅಂತ ಕೇಳಬೇಕು. ಅಷ್ಟೇ."

ಚಿಕ್ಕಪ್ಪ ಈಗಿಲ್ಲ. ಆ ಎಂಟು ವರ್ಷದವನು ಈಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿದ್ದಾನೆ. ಕಳೆದ ವರ್ಷ ಯಾವುದೋ ಕೆಲಸಕ್ಕೆ ಹೋಗಿದ್ದಾಗ ಅವನ ಜೊತೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿಯೂ ಒಂದು ಮಾರುತ್ ಇದೆ. ಶಾಲೆಯ ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸುಮಾರು ಹೊತ್ತು ಮೂಗಿನಿಂದ ಬಾಲದವರೆಗೆ ನೋಡಿದ ಮೇಲೆ ಹುಡುಗ ನನ್ನ ಕಡೆ ತಿರುಗಿ, "ದೊಡ್ಡಪ್ಪ, ಇದನ್ನು ಮಾಡಿದವರು ಹನ್ನೆರಡು ಗಂಟೆಗೆ ಊಟಕ್ಕೆ ಹೋಗ್ತಿದ್ರು" ಎಂದ.

ಹೌದು, ಹೋಗುತ್ತಿದ್ದರು. ಮಾರುತ್ ಶಬ್ದದ ಎರಡು ಪಟ್ಟು ವೇಗ ಮುಟ್ಟಲಿಲ್ಲ ಎಂದು ಬರೆಯುವವರು ಬರೆಯಲಿ. ಅದರ ಲೆಕ್ಕದಲ್ಲಿ ಈ ಒಂದು ಸಾಲೂ ಇರಲಿ ಎಂದು ನನಗೆ ಅನ್ನಿಸಿತು.